ವಿಮಾನ ಹಾರುವುದು ಹೇಗೆ? ಫಾರ್ವರ್ಡ್‌ಗಿಂತ ಒಂಬತ್ತನೇ ತರಗತಿಯ ಪುಸ್ತಕವೇ ಮೇಲು

ಕಳೆದ ಆಷಾಢದಲ್ಲಿ ಟಿ. ನರಸೀಪುರ ತಾಲ್ಲೂಕಿನ ಹೈಸ್ಕೂಲೊಂದಕ್ಕೆ ಹೋಗಿದ್ದೆ. ಮೊಬೈಲಿಗೆ ಬರುವ ಸುಳ್ಳು ಸಂದೇಶಗಳನ್ನು ಗುರುತಿಸುವುದು ಹೇಗೆ ಎಂದು ಒಂಬತ್ತನೇ ತರಗತಿಯ ಮಕ್ಕಳ ಜೊತೆ ಮಾತಾಡುವ ಕಾರ್ಯಕ್ರಮ. ನಿಮ್ಮ ಮನೆಯ ಗ್ರೂಪಿನಲ್ಲಿ ಬಂದ ಒಂದು ವಿಜ್ಞಾನದ ಫಾರ್ವರ್ಡ್ ಹೇಳಿ ಎಂದಾಗ ಹುಡುಗನೊಬ್ಬ ವಿಮಾನದ ಕಥೆ ಹೇಳಿದ. ನೀವೂ ಅದನ್ನು ಓದಿರುತ್ತೀರಿ.

"ವಿಮಾನದ ರೆಕ್ಕೆಯ ಮೇಲ್ಭಾಗ ಉಬ್ಬಿರುತ್ತದೆ, ಕೆಳಭಾಗ ಚಪ್ಪಟೆಯಾಗಿರುತ್ತದೆ. ಮೇಲೆ ಹೋಗುವ ಗಾಳಿ ಹೆಚ್ಚು ದೂರ ಸಾಗಬೇಕು. ಕೆಳಗಿನ ಗಾಳಿ ರೆಕ್ಕೆಯ ತುದಿ ಮುಟ್ಟುವ ಹೊತ್ತಿಗೆ ತಾನೂ ಮುಟ್ಟಬೇಕಲ್ಲ, ಅದಕ್ಕೇ ವೇಗವಾಗಿ ಓಡುತ್ತದೆ. ವೇಗ ಹೆಚ್ಚಾದರೆ ಒತ್ತಡ ಕಡಿಮೆ. ಹಾಗಾಗಿ ವಿಮಾನ ಮೇಲೇರುತ್ತದೆ."

ಕೇಳಲು ಚೆನ್ನಾಗಿದೆ. ನಾನೂ ಪಿಯುಸಿಯಲ್ಲಿ ಗೈಡ್ ನೋಡಿ ಇದನ್ನೇ ಬರೆದು ಅಂಕ ತೆಗೆದುಕೊಂಡವಳು. ಆದರೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಅಕ್ಕಾ, ಗಾಳಿಪಟ ಎರಡೂ ಕಡೆ ಚಪ್ಪಟೆನೇ ಇರ್ತದಲ್ಲ? ಅದ್ಯಾಕೆ ಹಾರ್ತದೆ ಮತ್ತೆ?"

ಈ ಒಂದು ಪ್ರಶ್ನೆಗೆ ಆ ಫಾರ್ವರ್ಡ್‌ನಲ್ಲಿ ಉತ್ತರವಿಲ್ಲ. ಏಕೆಂದರೆ ಫಾರ್ವರ್ಡ್‌ನ ವಿವರಣೆಯೇ ತಪ್ಪು.

ತಪ್ಪಿರುವುದು ಎಲ್ಲಿ?

ರೆಕ್ಕೆಯ ಮೇಲೆ ಹೋಗುವ ಗಾಳಿ ವೇಗವಾಗಿ ಹರಿಯುತ್ತದೆ ಎಂಬುದು ನಿಜ. ಅಲ್ಲಿ ಒತ್ತಡ ಕಡಿಮೆ ಇರುತ್ತದೆ ಎಂಬುದೂ ನಿಜ. ಸುಳ್ಳು ಇರುವುದು ನಡುವಿನ ಮಾತಿನಲ್ಲಿ: ಮೇಲಿನ ಗಾಳಿ ಮತ್ತು ಕೆಳಗಿನ ಗಾಳಿ ಒಂದೇ ಸಮಯಕ್ಕೆ ತುದಿ ಸೇರಲೇಬೇಕು ಎಂಬ ಮಾತಿನಲ್ಲಿ. ಅಂಥ ನಿಯಮ ಭೌತವಿಜ್ಞಾನದಲ್ಲಿ ಎಲ್ಲೂ ಇಲ್ಲ. ಸಂಗಮದ ನಡುಗಡ್ಡೆಯ ಎರಡೂ ಬದಿಯಲ್ಲಿ ಸೀಳಿ ಹೋದ ನೀರು ಆಚೆ ತುದಿಯಲ್ಲಿ ಮತ್ತೆ ಅದೇ ಜೋಡಿಯಾಗಿ ಸೇರಬೇಕು ಎಂದು ಯಾವ ಕಟ್ಟಳೆಯಾದರೂ ಇದೆಯೇ? ಗಾಳಿಗೂ ಇಲ್ಲ.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಹೋಲ್ಗರ್ ಬಬಿನ್‌ಸ್ಕಿ ಎಂಬ ಪ್ರಾಧ್ಯಾಪಕರು ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದ್ದಾರೆ. ಗಾಳಿಸುರಂಗದಲ್ಲಿ ರೆಕ್ಕೆಯ ಮಾದರಿ ಇಟ್ಟು, ಬಿಟ್ಟು ಬಿಟ್ಟು ಹೊಗೆ ಹಾಯಿಸಿದರು. ಮೇಲೆ ಹೋದ ಹೊಗೆ ಕೆಳಗಿನ ಹೊಗೆಗಿಂತ ಎಷ್ಟೋ ಮೊದಲೇ ತುದಿ ದಾಟಿ ಹೋಗುತ್ತದೆ. ಅಂದರೆ ಮೇಲಿನ ಗಾಳಿಯ ವೇಗ ಫಾರ್ವರ್ಡ್ ಹೇಳುವುದಕ್ಕಿಂತಲೂ ಹೆಚ್ಚು, ಆದರೆ ಕಾರಣ ಬೇರೆ. 2003ರಲ್ಲಿ ಅವರು ಇದರ ಬಗ್ಗೆ ಶಾಲಾ ಶಿಕ್ಷಕರಿಗಾಗಿಯೇ ಲೇಖನ ಬರೆದರು. ಅಮೆರಿಕದ ನಾಸಾ ಸಂಸ್ಥೆ ಮಕ್ಕಳಿಗಾಗಿ ಮಾಡಿರುವ ಪುಟಗಳಲ್ಲಿ ಈ ವಿವರಣೆಯನ್ನು 'ತಪ್ಪು ಸಿದ್ಧಾಂತ' ಎಂದೇ ಪಟ್ಟಿ ಮಾಡಿದೆ.

ಫಾರ್ವರ್ಡ್ ನಿಜವಾಗಿದ್ದರೆ ಗಾಳಿಪಟ ಹಾರಬಾರದು, ಕಾಗದದ ವಿಮಾನ ತೇಲಬಾರದು. ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ಸೂರ್ಯಕಿರಣ್ ತಂಡದವರು ವಿಮಾನವನ್ನು ಮಗುಚಿ, ತಲೆಕೆಳಗಾಗಿ ಹಾರಿಸುವುದನ್ನು ನೀವು ನೋಡಿರಬಹುದು. ಉಬ್ಬಿದ ಭಾಗ ನೆಲದ ಕಡೆಗೆ ಬಂದಾಗಲೂ ವಿಮಾನ ಬೀಳುವುದಿಲ್ಲ.

ಹಾಗಾದರೆ ನಿಜವೇನು?

ನಮ್ಮ ಹೈಸ್ಕೂಲಿನಲ್ಲಿ 'ವಿಮಾನ' ಎಂಬ ಹೆಸರಿನ ಪಾಠವಿಲ್ಲ. ಆದರೆ ಬೇಕಾದ ಸಾಮಾನೆಲ್ಲ ಪುಸ್ತಕದಲ್ಲೇ ಇದೆ. ಎಂಟನೇ ತರಗತಿಯಲ್ಲಿ ಬಲ, ಒತ್ತಡ, ಘರ್ಷಣೆ. ಒಂಬತ್ತನೇ ತರಗತಿಯಲ್ಲಿ ನ್ಯೂಟನ್‌ನ ಚಲನೆಯ ನಿಯಮಗಳು ಮತ್ತು ಗುರುತ್ವ. ಇವನ್ನು ಜೋಡಿಸಿದರೆ ಸಾಕು.

ಮೊದಲನೆಯದಾಗಿ, ಗಾಳಿ ಖಾಲಿ ಜಾಗವಲ್ಲ. 6 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ಒಂದು ತರಗತಿ ಕೋಣೆಯಲ್ಲಿ ಇರುವ ಗಾಳಿಯ ತೂಕ ಸುಮಾರು 120 ಕಿಲೊ. 50 ಕಿಲೊದ ಎರಡು ಮೂಟೆ ಅಕ್ಕಿಗಿಂತ ಹೆಚ್ಚು. ಇಷ್ಟು ತೂಕದ ವಸ್ತುವನ್ನು ತಳ್ಳಿದರೆ ಅದೂ ತಿರುಗಿ ತಳ್ಳುತ್ತದೆ.

ಎರಡನೆಯದಾಗಿ, ಹಾರುವ ವಿಮಾನದ ಮೇಲೆ ನಾಲ್ಕು ಬಲಗಳು ಕೆಲಸ ಮಾಡುತ್ತವೆ. ತೂಕ ಕೆಳಗೆ ಎಳೆಯುತ್ತದೆ. ರೆಕ್ಕೆಯಿಂದ ಬರುವ ಎತ್ತುವ ಬಲ, ಅಂದರೆ ಲಿಫ್ಟ್, ಮೇಲಕ್ಕೆತ್ತುತ್ತದೆ. ಎಂಜಿನ್ ಕೊಡುವ ನೂಕುವ ಬಲ ಮುಂದಕ್ಕೆ ಒಯ್ಯುತ್ತದೆ. ಗಾಳಿಯ ಘರ್ಷಣೆ ಮತ್ತು ಅಡ್ಡಿ ಹಿಂದಕ್ಕೆ ಜಗ್ಗುತ್ತವೆ. ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ ವಿಮಾನ ಸಾಗುತ್ತಿದೆ ಎಂದರೆ ಈ ನಾಲ್ಕೂ ಸರಿತೂಗಿವೆ ಎಂದರ್ಥ.

ಮೂರನೆಯದು ಮುಖ್ಯ. ರೆಕ್ಕೆ ತುಸು ಓರೆಯಾಗಿ, ಮುಂದಿನ ಅಂಚು ಎತ್ತಿಕೊಂಡು ಗಾಳಿಯನ್ನು ಸೀಳುತ್ತದೆ. ರೆಕ್ಕೆಯ ಕೆಳಗಿನ ಗಾಳಿಯಷ್ಟೇ ಅಲ್ಲ, ಮೇಲಿನ ಗಾಳಿಯೂ ರೆಕ್ಕೆಯ ಬಾಗಿಗೆ ಅಂಟಿಕೊಂಡು ಕೆಳಮುಖವಾಗಿ ತಿರುಗುತ್ತದೆ. ರೆಕ್ಕೆ ಗಾಳಿಯನ್ನು ಕೆಳಗೆ ತಳ್ಳಿತು, ಗಾಳಿ ರೆಕ್ಕೆಯನ್ನು ಮೇಲೆ ತಳ್ಳಿತು. ಇದು ನ್ಯೂಟನ್‌ನ ಮೂರನೇ ನಿಯಮ, ಅಷ್ಟೇ. ಗಾಳಿ ಹೀಗೆ ಬಾಗುವಾಗ ರೆಕ್ಕೆಯ ಮೇಲೆ ಒತ್ತಡ ಇಳಿಯುತ್ತದೆ, ಕೆಳಗೆ ಏರುತ್ತದೆ. ಒತ್ತಡ ಇಳಿದ ಕಡೆಗೆ ಗಾಳಿ ಜೋರಾಗಿ ನುಗ್ಗುತ್ತದೆ. ಪಿಯುಸಿಯಲ್ಲಿ ಬರುವ ಬರ್ನೌಲಿ ತತ್ವ ಹೇಳುವುದು ಇದನ್ನೇ. "ನ್ಯೂಟನ್ ಸರಿಯೋ ಬರ್ನೌಲಿ ಸರಿಯೋ" ಎಂಬ ಜಗಳವನ್ನೂ ಯೂಟ್ಯೂಬಿನಲ್ಲಿ ನೋಡಿರುತ್ತೀರಿ. ಇಬ್ಬರೂ ಸರಿ. ಒಂದೇ ಸಂಗತಿಯನ್ನು ಎರಡು ಲೆಕ್ಕದಲ್ಲಿ ಹೇಳುವುದು ಅದು.

ಈಗ ಗಾಳಿಪಟದ ಪ್ರಶ್ನೆಗೆ ಉತ್ತರ ಸುಲಭ. ಸೂತ್ರ ಕಟ್ಟುವುದೇ ಪಟ ಗಾಳಿಗೆ ಓರೆಯಾಗಿ ನಿಲ್ಲಲಿ ಎಂದು. ಓರೆ ನಿಂತ ಪಟ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ತಾನು ಮೇಲೇರುತ್ತದೆ. ಸೂತ್ರ ತಪ್ಪಿದರೆ ಗಿರಕಿ ಹೊಡೆದು ಬೀಳುತ್ತದೆ. ರೆಕ್ಕೆಯನ್ನು ಉಬ್ಬಿಸಿ ಮಾಡುವುದು ಕಡಿಮೆ ಅಡ್ಡಿಯಲ್ಲಿ ಹೆಚ್ಚು ಎತ್ತುವ ಬಲ ಸಿಗಲೆಂದು. ಅದು ಹಾರಾಟವನ್ನು ಉತ್ತಮಗೊಳಿಸುತ್ತದೆ, ಆದರೆ ಹಾರಲು ಉಬ್ಬು ಇರಲೇಬೇಕು ಎಂದೇನಿಲ್ಲ.

ಓರೆ ಹೆಚ್ಚಿಸುತ್ತಾ ಹೋದರೆ? ಒಂದು ಮಿತಿಯವರೆಗೆ ಎತ್ತುವ ಬಲವೂ ಹೆಚ್ಚುತ್ತದೆ. ಸಾಮಾನ್ಯ ರೆಕ್ಕೆಗಳಲ್ಲಿ ಸುಮಾರು 15 ಡಿಗ್ರಿ ದಾಟಿದ ಮೇಲೆ ಮೇಲಿನ ಗಾಳಿ ರೆಕ್ಕೆಯಿಂದ ಬಿಟ್ಟುಹೋಗುತ್ತದೆ, ಎತ್ತುವ ಬಲ ಒಮ್ಮೆಲೇ ಕುಸಿಯುತ್ತದೆ. ಇದಕ್ಕೆ 'ಸ್ಟಾಲ್' ಎನ್ನುತ್ತಾರೆ. ಸುದ್ದಿಯಲ್ಲಿ "ವಿಮಾನ ಸ್ಟಾಲ್ ಆಯಿತು" ಎಂದು ಬಂದರೆ ಬೈಕಿನ ಹಾಗೆ ಎಂಜಿನ್ ಆಫ್ ಆಯಿತು ಎಂದು ತಿಳಿಯಬೇಡಿ.

ಮನೆಯಲ್ಲೇ ಮಾಡಿ ನೋಡಿ

ನೋಟ್‌ಬುಕ್‌ನಿಂದ ಎರಡು ಬೆರಳಗಲದ ಕಾಗದದ ಪಟ್ಟಿ ಕತ್ತರಿಸಿ. ಒಂದು ತುದಿಯನ್ನು ಕೆಳತುಟಿಯ ಹತ್ತಿರ ಹಿಡಿಯಿರಿ. ಪಟ್ಟಿ ಮುಂದಕ್ಕೆ ಬಾಗಿ ಇಳಿಬಿದ್ದಿರುತ್ತದೆ. ಅದರ ಮೇಲೆ ಊದಿ. ಪಟ್ಟಿ ಮೇಲೇಳುತ್ತದೆ.

"ನೋಡಿ, ಗಾಳಿ ವೇಗವಾದ್ದರಿಂದ ಒತ್ತಡ ಕಡಿಮೆಯಾಯಿತು" ಎಂದು ಹೇಳಿ ಪ್ರಯೋಗ ಮುಗಿಸುವುದು ರೂಢಿ. ಮುಗಿಸಬೇಡಿ. ಅದೇ ಪಟ್ಟಿಯನ್ನು ನೇರವಾಗಿ ಕೆಳಗೆ ತೂಗುಬಿಡಿ, ಅದರ ಒಂದು ಬದಿಯಲ್ಲಿ, ಪಟ್ಟಿಗೆ ಸಮಾನಾಂತರವಾಗಿ ಕೆಳಮುಖವಾಗಿ ಊದಿ. ಬರೀ ವೇಗವೇ ಕಾರಣವಾಗಿದ್ದರೆ ಪಟ್ಟಿ ಆ ಕಡೆಗೆ ವಾಲಬೇಕಿತ್ತು. ವಾಲುವುದಿಲ್ಲ. ಮೊದಲ ಸಲ ಪಟ್ಟಿ ಎದ್ದದ್ದು ಗಾಳಿ ಬಾಗಿದ ಕಾರಣಕ್ಕೆ.

ಇನ್ನೊಂದು: ಟೇಬಲ್ ಫ್ಯಾನ್ ಮುಂದೆ ರಟ್ಟಿನ ತುಂಡೊಂದನ್ನು ಹಿಡಿದು ನಿಧಾನವಾಗಿ ಓರೆ ಮಾಡಿ. ಕೈಗೆ ಮೇಲೆತ್ತಿದ ಅನುಭವವಾಗುತ್ತದೆ. ಬಸ್ಸಿನ ಕಿಟಕಿಯಿಂದ ಕೈ ಚಾಚಿ ಇದನ್ನು ಮಾಡಿ ತೋರಿಸುವ ವಿಡಿಯೊಗಳಿವೆ. ಅದನ್ನು ಮಾತ್ರ ಅನುಸರಿಸಬೇಡಿ.

ಮಂಡಕಳ್ಳಿ ಹೇಳಿಕೊಡುವ ಪಾಠ

ನಂಜನಗೂಡಿನಿಂದ ಮೈಸೂರಿಗೆ ಬಸ್ಸಿನಲ್ಲಿ ಹೋಗುವವರಿಗೆ ದಾರಿಯಲ್ಲೇ ಮಂಡಕಳ್ಳಿ ವಿಮಾನ ನಿಲ್ದಾಣ ಸಿಗುತ್ತದೆ. ಅರಸರ ಕಾಲದ ಈ ನಿಲ್ದಾಣ 2010ರಲ್ಲಿ ಹೊಸ ಟರ್ಮಿನಲ್‌ನೊಂದಿಗೆ ಮತ್ತೆ ತೆರೆಯಿತು. "ಬೆಂಗಳೂರಿನಲ್ಲಿ ಇಳಿಯುವ ದೊಡ್ಡ ವಿಮಾನ ಇಲ್ಲಿಗೇಕೆ ಬರುವುದಿಲ್ಲ? ಬೇಕೆಂತಲೇ ಮಾಡಿದ್ದಾರೆ" ಎಂಬ ಫಾರ್ವರ್ಡ್ ಆಗಾಗ ಓಡಾಡುತ್ತದೆ. ರಾಜಕೀಯ ಏನೇ ಇರಲಿ, ಮೊದಲ ಉತ್ತರ ಭೌತವಿಜ್ಞಾನದಲ್ಲಿದೆ.

ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಎತ್ತುವ ಬಲ ನಾಲ್ಕು ಪಟ್ಟು. ವಿಮಾನ ಭಾರವಿದ್ದಷ್ಟೂ ನೆಲ ಬಿಡುವ ಮೊದಲು ಹೆಚ್ಚು ವೇಗ ಬೇಕು. ಹೆಚ್ಚು ವೇಗ ಬರಲು ಹೆಚ್ಚು ಉದ್ದ ಓಡಬೇಕು. ಸುಮಾರು 70 ಸೀಟಿನ, ಪ್ರೊಪೆಲ್ಲರ್ ಇರುವ ಎಟಿಆರ್-72 ವಿಮಾನದ ಗರಿಷ್ಠ ತೂಕ ಸುಮಾರು 23 ಟನ್. ಪೂರ್ತಿ ತುಂಬಿದ್ದರೂ ಕಡಲ ಮಟ್ಟದಲ್ಲಿ ಅದಕ್ಕೆ ಸುಮಾರು 1300 ಮೀಟರ್ ಸಾಕು. ಏರ್‌ಬಸ್ ಎ320ರಂಥ ಜೆಟ್ ಪೂರ್ತಿ ತುಂಬಿದರೆ 78 ಟನ್ ಆಸುಪಾಸು, ಬೇಕಾದ ಓಟ ಸುಮಾರು 2 ಕಿ.ಮೀ. ಮಂಡಕಳ್ಳಿಯ ರನ್‌ವೇ ಉದ್ದ 1740 ಮೀಟರ್. ಇಲ್ಲಿ ಎಟಿಆರ್ ಇಳಿಯುತ್ತದೆ, ತುಂಬಿದ ದೊಡ್ಡ ಜೆಟ್‌ಗೆ ಜಾಗ ಸಾಲದು ಎಂಬುದಕ್ಕೆ ಈ ಲೆಕ್ಕವೇ ಕಾರಣ.

ಇನ್ನೂ ಒಂದು ಮಾತಿದೆ. ಮೈಸೂರು ಸಮುದ್ರಮಟ್ಟದಿಂದ 700 ಮೀಟರ್‌ಗೂ ಎತ್ತರದಲ್ಲಿದೆ. ಕಡಲ ತೀರಕ್ಕೆ ಹೋಲಿಸಿದರೆ ಇಲ್ಲಿನ ಗಾಳಿ ಶೇ 7ರಷ್ಟು ತೆಳು. ಬೇಸಿಗೆಯ ಮಧ್ಯಾಹ್ನ ಇನ್ನಷ್ಟು ತೆಳು. ಗಾಳಿ ತೆಳುವಾದರೆ ರೆಕ್ಕೆಗೆ ತಳ್ಳಲು ಸಿಗುವ ಸರಕು ಕಡಿಮೆ. ಅದೇ ತೂಕ ಎತ್ತಲು ಇನ್ನೂ ಉದ್ದ ಓಡಬೇಕು. ರನ್‌ವೇಯನ್ನು 2750 ಮೀಟರ್‌ಗೆ ಹಿಗ್ಗಿಸುವ ಯೋಜನೆ ಇರುವುದು ಇದಕ್ಕೇ. ಪಕ್ಕದಲ್ಲೇ ನಂಜನಗೂಡು ಹೆದ್ದಾರಿ ಮತ್ತು ರೈಲು ಹಳಿ ಇರುವುದರಿಂದ ಅದು ಸುಲಭದ ಕೆಲಸವೂ ಅಲ್ಲ.

ಎಂಜಿನ್ ನಿಂತರೆ ಕಲ್ಲಿನಂತೆ ಬೀಳುತ್ತದೆಯೇ?

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಪತನವಾಯಿತು. ವಿಮಾನದಲ್ಲಿದ್ದ 241 ಮಂದಿ ಸತ್ತರು, ಒಬ್ಬರು ಬದುಕುಳಿದರು. ನೆಲದ ಮೇಲಿದ್ದವರೂ ಪ್ರಾಣ ಕಳೆದುಕೊಂಡರು. ಆ ವಾರ ನಮ್ಮ ಮನೆಯ ಗ್ರೂಪಿನಲ್ಲಿ ಬಂದ ವಿಡಿಯೊಗಳಿಗೆ ಲೆಕ್ಕವಿಲ್ಲ. "ಎಂಜಿನ್ ನಿಂತ ಕ್ಷಣವೇ ಯಾವ ವಿಮಾನವಾದರೂ ಕಲ್ಲಿನಂತೆ ಬೀಳುತ್ತದೆ" ಎಂಬುದು ಅವುಗಳಲ್ಲಿ ಒಂದು.

ಇದು ನಿಜವಲ್ಲ. ಕಪಿಲಾ ನದಿಯ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುವುದನ್ನು ನಂಜನಗೂಡಿನವರು ದಿನಾ ನೋಡುತ್ತಾರೆ. ಬಿಸಿಗಾಳಿ ಮೇಲೇರುವ ಕಡೆ ಅವು ಏರುತ್ತವೆ, ಅಲ್ಲಿಂದ ಜಾರುತ್ತಾ ದೂರ ಸಾಗುತ್ತವೆ. ವಿಮಾನವೂ ಎತ್ತರವನ್ನು ವೇಗವಾಗಿ ಬದಲಿಸಿಕೊಂಡು ಜಾರಬಲ್ಲದು. 10 ಕಿ.ಮೀ. ಎತ್ತರದಲ್ಲಿರುವ ದೊಡ್ಡ ಜೆಟ್ ಎಂಜಿನ್ ಇಲ್ಲದೆ ನೂರಾರು ಕಿ.ಮೀ. ಅಲ್ಲದಿದ್ದರೂ ನೂರು ಕಿ.ಮೀ. ದಾಟಬಲ್ಲದು. 1983ರಲ್ಲಿ ಏರ್ ಕೆನಡಾದ ಬೋಯಿಂಗ್ 767 ಇಂಧನ ಮುಗಿದು ಆಕಾಶದಲ್ಲೇ ಎರಡೂ ಎಂಜಿನ್ ಕಳೆದುಕೊಂಡಿತು. ಪೈಲಟ್‌ಗಳು ಅದನ್ನು ಜಾರಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿನ ಹಳೆಯ ರನ್‌ವೇಯಲ್ಲಿ ಇಳಿಸಿದರು. ಯಾರೂ ಸಾಯಲಿಲ್ಲ. ಆದರೆ ಜಾರಲು ಎತ್ತರ ಬೇಕು. ಆಗಷ್ಟೇ ನೆಲ ಬಿಟ್ಟ ವಿಮಾನಕ್ಕೆ ಆ ಬಂಡವಾಳ ಇರುವುದಿಲ್ಲ.

'ಏರ್ ಪಾಕೆಟ್' ಎಂಬುದೂ ಇಂಥದ್ದೇ. ಆಕಾಶದಲ್ಲಿ ಗಾಳಿಯಿಲ್ಲದ ಗುಂಡಿಗಳಿಲ್ಲ. ಗಾಳಿ ಏರಿಳಿಯುವ ಕಡೆ ವಿಮಾನ ಕುಲುಕುತ್ತದೆ. ಬೆಲ್ಟ್ ಹಾಕಿಕೊಂಡಿದ್ದರೆ ಸಾಕು.

ವೈಮಾನಿಕ ಶಾಸ್ತ್ರ: ಮೈಸೂರಿನಲ್ಲೇ ಅಚ್ಚಾದ ಪುಸ್ತಕ

"ಸಾವಿರಾರು ವರ್ಷಗಳ ಹಿಂದೆಯೇ ನಮ್ಮಲ್ಲಿ ವಿಮಾನಗಳಿದ್ದವು, ಪುರಾವೆ ಇಲ್ಲಿದೆ" ಎಂದು ಅಂತಸ್ತು ಅಂತಸ್ತಾದ ಗೋಪುರದಂಥ ಯಂತ್ರದ ಚಿತ್ರಗಳು ಬರುತ್ತವೆ. ಬಹುಪಾಲು ಚಿತ್ರಗಳ ಮೂಲ 'ವೈಮಾನಿಕ ಶಾಸ್ತ್ರ' ಎಂಬ ಪುಸ್ತಕ. 2015ರ ಜನವರಿಯಲ್ಲಿ ಮುಂಬೈನಲ್ಲಿ ನಡೆದ ಭಾರತೀಯ ವಿಜ್ಞಾನ ಸಮಾವೇಶದಲ್ಲೂ ಇದರ ಪ್ರಸ್ತಾಪವಾಗಿ ವಿವಾದವಾಗಿತ್ತು.

ಈ ಪುಸ್ತಕದ ಕಥೆ ನಮ್ಮ ಸುತ್ತಮುತ್ತಲಿನದೇ. ಆನೇಕಲ್‌ನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಭರದ್ವಾಜ ಋಷಿಯ ಹೆಸರಿನಲ್ಲಿ ಇದನ್ನು ಹೇಳಿ ಬರೆಸಿದ್ದು 1918ರಿಂದ 1923ರ ನಡುವೆ. ಚಿತ್ರಗಳನ್ನು ಬಿಡಿಸಿದವರು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ನಕ್ಷೆಗಾರ ಎಲ್ಲಪ್ಪ. ಇಂಗ್ಲಿಷ್ ಅನುವಾದದೊಂದಿಗೆ ಇದನ್ನು ಜಿ.ಆರ್. ಜೋಸ್ಯರ್ ಪ್ರಕಟಿಸಿದ್ದು 1973ರಲ್ಲಿ, ಮೈಸೂರಿನಿಂದ.

ಮರುವರ್ಷವೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ ಮತ್ತು ಸಂಗಡಿಗರು, ಒಟ್ಟು ಐವರು, ಪುಸ್ತಕವನ್ನು ಗಂಭೀರವಾಗಿ ಪರೀಕ್ಷಿಸಿದರು. ಗೇಲಿ ಮಾಡಿ ಬಿಡಲಿಲ್ಲ. ಭಾಷೆ ನೋಡಿದರು, ಹಿನ್ನೆಲೆ ವಿಚಾರಿಸಿದರು, ಅಳತೆಗಳನ್ನು ಲೆಕ್ಕ ಹಾಕಿದರು. ಅವರು ಕಂಡುಕೊಂಡದ್ದು ಇಷ್ಟು: ಈ ಕೃತಿ 1904ಕ್ಕಿಂತ ಹಿಂದಿನದಲ್ಲ. ವರ್ಣಿಸಿರುವ ಯಾವ ವಿಮಾನಕ್ಕೂ ಹಾರುವ ಗುಣವಿಲ್ಲ. ನೂಕುವ ವ್ಯವಸ್ಥೆ ಹಾರಾಟಕ್ಕೆ ನೆರವಾಗುವ ಬದಲು ಅಡ್ಡಿಯಾಗುವಂತಿದೆ.

ಇದನ್ನು ಒಪ್ಪಲು ವಿಜ್ಞಾನಿಗಳ ಮೇಲಿನ ನಂಬಿಕೆಯೊಂದೇ ಆಧಾರವಾಗಬೇಕಿಲ್ಲ. ಚಿತ್ರ ಮುಂದಿಟ್ಟುಕೊಂಡು ಒಂಬತ್ತನೇ ತರಗತಿಯ ಹುಡುಗಿ ನಾಲ್ಕು ಪ್ರಶ್ನೆ ಕೇಳಬಹುದು. ತೂಕ ಎಷ್ಟು? ಗಾಳಿಯನ್ನು ಕೆಳಗೆ ತಳ್ಳುವ ಭಾಗ ಯಾವುದು? ಮುಂದೆ ನೂಕುವುದು ಏನು? ಈ ಗೋಪುರದ ಆಕಾರಕ್ಕೆ ಗಾಳಿಯ ಅಡ್ಡಿ ಎಷ್ಟು? ಪುರಾಣ, ಕಾವ್ಯಗಳ ಪುಷ್ಪಕ ವಿಮಾನಕ್ಕೆ ಈ ಪ್ರಶ್ನೆಗಳಿಂದ ಯಾವ ಕುಂದೂ ಇಲ್ಲ. ಅದು ಕವಿಯ ಕಲ್ಪನೆಯ ಸೊಬಗು. ಎಂಜಿನಿಯರಿಂಗ್ ಎಂದು ಹೇಳಿಕೊಂಡು ಬಂದದ್ದಕ್ಕೆ ಮಾತ್ರ ಎಂಜಿನಿಯರಿಂಗ್ ಪ್ರಶ್ನೆ ಕೇಳಬೇಕು.

ನಮ್ಮ ನೆಲಕ್ಕೆ ಹೆಮ್ಮೆ ಪಡಲು ನಿಜವಾದ ಚರಿತ್ರೆಯೇ ಇದೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭಿಸಿದ್ದು 1940ರಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಶುರುವಾದದ್ದು 1942ರಲ್ಲಿ. ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಇಲ್ಲೇ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು.

ಪೈಲಟ್ ಆಗಬೇಕೆಂದರೆ

ಇದು ಬರೀ ಪರೀಕ್ಷೆಯ ಅಂಕದ ವಿಷಯವಲ್ಲ ಎಂದು ನನಗೆ ಮನವರಿಕೆಯಾದದ್ದು ನಂಜನಗೂಡಿನ ನಮ್ಮ ಚಿಕ್ಕಪ್ಪನ ಮಗನಿಂದ. ಎಸ್ಸೆಸ್ಸೆಲ್ಸಿ ಆದ ಮೇಲೆ ಅವನ ಮೊಬೈಲಿಗೆ ಒಂದು ಫಾರ್ವರ್ಡ್ ಬಂತು: "ಯಾವ ವಿಷಯ ಓದಿದ್ದರೂ ಪರವಾಗಿಲ್ಲ, ಏವಿಯೇಷನ್ ಕೋರ್ಸ್ ಮಾಡಿ, ಆಕಾಶದಲ್ಲಿ ಕೆಲಸ ಗ್ಯಾರಂಟಿ." ಅದನ್ನು ನಂಬಿ ಪಿಯುಸಿಯಲ್ಲಿ ವಾಣಿಜ್ಯ ತೆಗೆದುಕೊಂಡ. ಆಮೇಲೆ ಚಿಕ್ಕಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಒಂದು ಡಿಪ್ಲೊಮಾಕ್ಕೆ ಸೇರಿಸಿದರು. ಆರು ತಿಂಗಳು ಕಳೆದ ಮೇಲೆ ಗೊತ್ತಾಯಿತು, ಅದು ವಿಮಾನ ನಿಲ್ದಾಣದ ಕೌಂಟರ್ ಕೆಲಸಕ್ಕೆ ತಯಾರು ಮಾಡುವ ಕೋರ್ಸ್. ಆ ಕೆಲಸದಲ್ಲಿ ಕೀಳೇನೂ ಇಲ್ಲ. ಆದರೆ ಅವನು ಸೇರಿದ್ದು ಪೈಲಟ್ ಆಗುತ್ತೇನೆಂದು. "ವಿಮಾನ ಹಾರಿಸೋಕೆ ಫಿಸಿಕ್ಸ್ ಬೇಕು ಅಂತ ಒಬ್ಬರಾದ್ರೂ ಹೇಳ್ಬಾರದಾಗಿತ್ತಾ ಅಕ್ಕ?" ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಹಾಗಾಗಿ ಇಲ್ಲಿ ಹೇಳುತ್ತೇನೆ. ಭಾರತದಲ್ಲಿ ಪೈಲಟ್ ಲೈಸೆನ್ಸ್ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಹತ್ತನೇ ತರಗತಿ ಪಾಸಾಗಿ 16 ತುಂಬಿದವರು ವಿದ್ಯಾರ್ಥಿ ಪೈಲಟ್ ಲೈಸೆನ್ಸ್ ಪಡೆಯಬಹುದು. ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ಕಮರ್ಷಿಯಲ್ ಲೈಸೆನ್ಸ್‌ಗೆ 18 ತುಂಬಿರಬೇಕು, 200 ಗಂಟೆ ಹಾರಾಟ ಆಗಿರಬೇಕು, ಡಿಜಿಸಿಎಯ ಲಿಖಿತ ಪರೀಕ್ಷೆ ಮತ್ತು ಆರೋಗ್ಯ ತಪಾಸಣೆ ಪಾಸಾಗಬೇಕು. ಪಿಯುಸಿಯಲ್ಲಿ ಭೌತವಿಜ್ಞಾನ ಮತ್ತು ಗಣಿತ ಇರಬೇಕೆಂಬುದು ಬಹುಕಾಲದ ನಿಯಮ. ಇದನ್ನು ಸಡಿಲಿಸುವ ಚರ್ಚೆ 2025ರಲ್ಲಿ ಸುದ್ದಿಯಾಗಿತ್ತು. ಸೇರುವ ಮುನ್ನ ಡಿಜಿಸಿಎ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ಬೇರೆ ವಿಷಯ ಓದಿದವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಈ ಎರಡು ವಿಷಯ ಬರೆದು ಅರ್ಹರಾಗುವ ದಾರಿಯೂ ಇದೆ. ನನ್ನ ತಮ್ಮ ಈಗ ಅದನ್ನೇ ಓದುತ್ತಿದ್ದಾನೆ.

ಖರ್ಚು ಹತ್ತಾರು ಲಕ್ಷ ರೂಪಾಯಿ. ಹಾಗಾಗಿ ಹಣ ಕಟ್ಟುವ ಮುನ್ನ ಎರಡೇ ಪ್ರಶ್ನೆ ಕೇಳಿ: ಈ ಸಂಸ್ಥೆ ಡಿಜಿಸಿಎ ಒಪ್ಪಿದ ಹಾರಾಟ ತರಬೇತಿ ಸಂಸ್ಥೆಗಳ ಪಟ್ಟಿಯಲ್ಲಿದೆಯೇ? ಕೋರ್ಸ್ ಮುಗಿದಾಗ ಕೈಗೆ ಬರುವುದು ಲೈಸೆನ್ಸೋ, ಬರೀ ಸರ್ಟಿಫಿಕೇಟೋ?

ಹಾರಾಟದ ಆಸೆ ಇರುವ ಮಕ್ಕಳಿಗೆ ದುಡ್ಡಿಲ್ಲದ ದಾರಿಗಳೂ ಇವೆ. ಎನ್‌ಸಿಸಿಯಲ್ಲಿ ಏರ್ ವಿಂಗ್ ಇದೆ. ಶಾಲಾ ಪ್ರವಾಸಕ್ಕೆ ಬೆಂಗಳೂರಿಗೆ ಹೋದರೆ ಎಚ್‌ಎಎಲ್‌ನ ವಿಮಾನ ಸಂಗ್ರಹಾಲಯ ನೋಡಬಹುದು. ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣಾಕಾರದ ಪ್ರತಿಕೃತಿ ಇದೆ. ಅದೂ ಆಗದಿದ್ದರೆ ಗಾಳಿಪಟ ಇದ್ದೇ ಇದೆ.

ಶೇರ್ ಮಾಡುವ ಮುನ್ನ

ವಿಮಾನದ ಬಗ್ಗೆ ಮುಂದಿನ ಫಾರ್ವರ್ಡ್ ಬಂದಾಗ ಮೂರು ವಿಷಯ ನೆನಪಿಡಿ. ಹಾರಾಟದ ವಿವರಣೆಯಾದರೆ ಅದು ಗಾಳಿಪಟಕ್ಕೂ ಅನ್ವಯಿಸುತ್ತದೆಯೇ ನೋಡಿ. ಪುರಾತನ ಯಂತ್ರವಾದರೆ ಪುಸ್ತಕ ಬರೆದ ವರ್ಷ ಮತ್ತು ನಾಲ್ಕು ಬಲಗಳ ಲೆಕ್ಕ ಕೇಳಿ. ಕೆಲಸದ ಭರವಸೆಯಾದರೆ ಡಿಜಿಸಿಎ ಪಟ್ಟಿ ನೋಡಿ.

ಆ ಶಾಲೆಯಿಂದ ಹೊರಡುವಾಗ ಗಾಳಿಪಟದ ಹುಡುಗಿ ಗೇಟಿನವರೆಗೂ ಬಂದಿದ್ದಳು. "ಅಕ್ಕಾ, ಆ ಫಾರ್ವರ್ಡ್ ತಪ್ಪು ಅಂತ ನಮ್ಮಪ್ಪನ ಗ್ರೂಪ್‌ಗೆ ಹಾಕ್ಲಾ?" ಎಂದಳು. "ಹಾಕು, ಜೊತೆಗೆ ನಿನ್ನ ಪ್ರಶ್ನೆಯನ್ನೂ ಹಾಕು" ಎಂದೆ.